‘ಕ್ಯಾರಿಕೇಚರ್’ಗೆ ವ್ಯಂಗ್ಯಚಿತ್ರ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ರಾಜಕೀಯ ಚಿತ್ರಗಳ ಮೇಲಿನ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಾಸ್ತಿ ಇರುವುದು ಜೇಮ್ಸ್ ಗಿಲ್‌ರೇ (1756–1815) ಎಂಬ ಚಿತ್ರಕಾರನ ವಿಚಾರ. ‘ಕ್ಯಾರಿಕೇಚರ್’ (ಒಬ್ಬನ ಮುಖ, ಮೈಕಟ್ಟನ್ನು ಉಬ್ಬಿಸಿ ಸೊಟ್ಟಗೆ ಬರೆದ ಚಿತ್ರ) ಬಂದಲ್ಲೆಲ್ಲ ಸುಮ್ನೆ ‘ವ್ಯಂಗ್ಯಚಿತ್ರ’ ಅಂತ ಬರೆದುಕೊಂಡು ಹೋದೆ. ‘ಕಾರ್ಟೂನ್’ ಎದುರಾದಾಗ ಗಾಡಿ ನಿಂತಿತು. ಅದೂ ವ್ಯಂಗ್ಯಚಿತ್ರವೇ ಅಲ್ವಾ? ಒಂದು ಸಾಲಂತೂ ಹೀಗಾಗಿ ಕೂತಿದೆ: “ವ್ಯಂಗ್ಯಚಿತ್ರವನ್ನು ಆಗ ವ್ಯಂಗ್ಯಚಿತ್ರ ಅನ್ನುತ್ತಿರಲಿಲ್ಲ, ವ್ಯಂಗ್ಯಚಿತ್ರ ಅನ್ನುತ್ತಿದ್ದರು.”

ಮೂಲದ ಮಾತು (ಆಗ ಕಾರ್ಟೂನ್ ಅನ್ನುತ್ತಿರಲಿಲ್ಲ, ಕ್ಯಾರಿಕೇಚರ್ ಅನ್ನುತ್ತಿದ್ದರು) ಸರಿಯಾದದ್ದೇ. ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯುವ ಮೊದಲು ದಪ್ಪ ಕಾಗದದ ಮೇಲೆ ಅಷ್ಟೇ ಅಳತೆಯಲ್ಲಿ ಬರೆದುಕೊಳ್ಳುವ ಚಿತ್ರಕ್ಕೆ ಕಾರ್ಟೂನ್ ಅನ್ನುತ್ತಿದ್ದರು. 1843ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆ ಆ ಪದವನ್ನು ತನ್ನ ಕುಹಕದ ಚಿತ್ರಗಳಿಗೆ ಅಂಟಿಸಿತು. ಅಷ್ಟು ಹೊತ್ತಿಗೆ ಗಿಲ್‌ರೇ ಸತ್ತು 28 ವರ್ಷವಾಗಿತ್ತು.

ನನಗೆ ಇನ್ನೊಂದು ತಕರಾರೂ ಇದೆ. ಅವನ ಒಂದು ಚಿತ್ರ ನಮ್ಮ ಶ್ರೀರಂಗಪಟ್ಟಣದ್ದೇ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಪಟ್ಟಣದ ಬಾಗಿಲವರೆಗೂ ಬಂದು ವಾಪಸ್ ಹೋದ. ಮಳೆ ಹಿಡಿದಿತ್ತು, ಎತ್ತುಗಳು ಸತ್ತಿದ್ದವು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿದ. (ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿದ್ದವನೂ ಇದೇ ಮಹಾಶಯ.) ಅದೇ ಡಿಸೆಂಬರಿನಲ್ಲಿ ಗಿಲ್‌ರೇ ಚಿತ್ರ ಹೊರಬಿತ್ತು. ಹೆಸರು ‘ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು’. ಮುಂಗಾರು ಎಲ್ಲಿಂದ ಬರುತ್ತಿದೆ ಅಂತೀರಾ? ಟಿಪ್ಪು ಕೋಟೆಯ ಮೇಲೆ ನಿಂತು ಉಚ್ಚೆ ಹೊಯ್ಯುತ್ತಿದ್ದಾನೆ. ಕೆಳಗೆ ಕಾರ್ನ್‌ವಾಲಿಸ್ ಓಡುತ್ತಿದ್ದಾನೆ. ಬರೆದವನು ಇಂಗ್ಲಿಷಿನವ, ಕೊಂಡವರೂ ಇಂಗ್ಲಿಷಿನವರು.

ಇದರಲ್ಲಿ ‘ವ್ಯಂಗ್ಯ’ ಎಲ್ಲಿದೆ ಹೇಳಿ. ಅಲಂಕಾರಶಾಸ್ತ್ರದಲ್ಲಿ ವ್ಯಂಗ್ಯ ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥ. ಇಂದಿನ ಮಾತಿನಲ್ಲೂ ವ್ಯಂಗ್ಯ ಅಂದರೆ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಕುಟುಕುವುದು. ಗಿಲ್‌ರೇ ಹಾವನ್ನು ಕೊಂದು, ಕೋಲನ್ನು ಮುರಿದು, ಎರಡನ್ನೂ ಅಂಗಡಿಯ ಕಿಟಕಿಯಲ್ಲಿ ತೂಗುಹಾಕುವ ಆಸಾಮಿ.

ಕ್ಯಾರಿಕೇಚರ್‌ನ ಮೂಲ ಪದ ಇಟಾಲಿಯನ್ನಿನ ‘ಕಾರಿಕಾರೆ’. ಅರ್ಥ ಹೇರುವುದು, ಗಾಡಿಗೆ ಸಾಮಾನು ಹೇರುತ್ತಾರಲ್ಲ ಹಾಗೆ. ಫ್ರೆಂಚರು ಇಂಥ ಚಿತ್ರಕ್ಕೆ ‘ಶಾರ್ಜ್’ ಅಂದರು, ಅದೂ ಹೇರೇ. ಇದ್ದ ಮುಖದ ಮೇಲೆ ಇನ್ನಷ್ಟು ಹೇರುವುದು. ಬ್ರಿಟನ್ನಿನ ಪ್ರಧಾನಿ ಪಿಟ್ ಮೊದಲೇ ಸಣಕಲು, ಮೂಗು ಚೂಪು. 1805ರ ಹೆಸರುವಾಸಿ ಚಿತ್ರದಲ್ಲಿ ಅವನು ಕಡ್ಡಿಗೆ ಮೂಗು ಅಂಟಿಸಿದ ಹಾಗಿದ್ದಾನೆ. ಎದುರಿಗೆ ಗಿಡ್ಡ ನೆಪೋಲಿಯನ್. ಇಬ್ಬರೂ ಸೇರಿ ಭೂಮಿಯಾಕಾರದ ಪ್ಲಮ್ ಪುಡ್ಡಿಂಗನ್ನು ಕೊಯ್ಯುತ್ತಿದ್ದಾರೆ. ಪಿಟ್‌ಗೆ ಸಮುದ್ರ, ನೆಪೋಲಿಯನ್‌ಗೆ ಯೂರೋಪು. ಬಟ್ಟೆಯಲ್ಲಿ ಕಟ್ಟಿ ಬೇಯಿಸುತ್ತಿದ್ದ ತಿಂಡಿ ಅದು, ನಾನು ‘ಕಡುಬು’ ಅಂತಲೇ ಹಾಕಿದ್ದೇನೆ. ಬೈಯುವವರು ಬೈಯಿರಿ.

‘ಹೇರುಚಿತ್ರ’ ಹೇಗೆ ಅಂತ ಮನೆಯಲ್ಲಿ ಕೇಳಿದೆ. “ಲಾರಿ ಫೋಟೋನಾ?” ಅಂದರು. ಅಲ್ಲಿಗೆ ಅದು ಮುಗಿಯಿತು. ‘ವಿಡಂಬನಚಿತ್ರ’ ಬಾಯಿಗೆ ಭಾರ. ‘ನಗೆಚಿತ್ರ’ ಆಗುವುದೇ ಇಲ್ಲ, ಗಿಲ್‌ರೇಯ ಎಷ್ಟೋ ಚಿತ್ರ ನೋಡಿದರೆ ನಗು ಬರುವುದಿಲ್ಲ, ಹೊಟ್ಟೆ ತೊಳೆಸುತ್ತದೆ. ಉಳಿದದ್ದು ‘ಅಣಕುಚಿತ್ರ’. ನನ್ನ ಒಲವು ಇದಕ್ಕೇ. ಅಣಕಿಸುವುದು ಅಂದರೆ ಎದುರಿಗಿರುವ ಒಬ್ಬನ ನಡೆ, ನುಡಿ, ಮುಖ ಹಿಡಿದು ಸೊಟ್ಟಗೆ ಮಾಡಿ ತೋರಿಸುವುದು. ಹಾಗಾಗಿ ಕ್ಯಾರಿಕೇಚರ್ ಅಣಕುಚಿತ್ರ, ಕಾರ್ಟೂನ್ ವ್ಯಂಗ್ಯಚಿತ್ರ. ಓದಿದವರಿಗೆ ವ್ಯತ್ಯಾಸ ಹೊಳೆಯುತ್ತದಾ, ಇಲ್ಲ ಎರಡೂ ಒಂದೇ ಅನ್ನಿಸುತ್ತದಾ?

ಜೊತೆಗೆ ಎರಡು ಸಣ್ಣ ಪ್ರಶ್ನೆ.

‘ಎಚಿಂಗ್’ಗೆ (ಈ ಚಿತ್ರಗಳನ್ನು ಅಚ್ಚುಹಾಕಲು ತಗಡು ತಯಾರಿಸುತ್ತಿದ್ದ ವಿಧಾನ) ಎಲ್ಲರೂ ‘ಕೆತ್ತನೆ’ ಅನ್ನುತ್ತಾರೆ. ಇಲ್ಲಿ ಯಾರೂ ಕೆತ್ತುವುದಿಲ್ಲ. ತಾಮ್ರದ ತಗಡಿಗೆ ಮೇಣ ಬಳಿದು, ಅದರ ಮೇಲೆ ಸೂಜಿಯಿಂದ ಗೀರುತ್ತಾರೆ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ಆಮೇಲೆ ದ್ರಾವಕ (ಆಸಿಡ್) ಹಾಕಿದರೆ ಗೀರಿದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಆ ಇಂಗ್ಲಿಷ್ ಪದದ ಬೇರು ಜರ್ಮನ್ನಿನದು, ಅರ್ಥ ‘ತಿನ್ನಿಸು’! ನಮ್ಮ ‘ಇಸು’ ಪ್ರತ್ಯಯ ಅಲ್ಲೇ ಕೂತಿದೆ. ‘ತಿನ್ನಚ್ಚು’ ಅಂದರೆ ಅತಿಯಾಯಿತಾ? ಹಳೇ ಪ್ರೆಸ್ಸುಗಳಲ್ಲಿ ಸತುವಿನ ತಗಡಿಗೆ ದ್ರಾವಕ ಹಾಕಿ ಬ್ಲಾಕ್ ಮಾಡುತ್ತಿದ್ದರು. ಆ ಕೆಲಸ ಬಲ್ಲ ಹಿರಿಯರು ಯಾರಾದರೂ ಈ ಬಳಗದಲ್ಲಿದ್ದರೆ, ಆ ಹಂತಕ್ಕೆ ನೀವು ಬಾಯಲ್ಲಿ ಏನು ಅನ್ನುತ್ತಿದ್ದಿರಿ ಅಂತ ತಿಳಿಸಿ.

ಇನ್ನೊಂದು, ‘ಸಾನ್‌ಕ್ಯೂಲಾಟ್’. ಪ್ಯಾರಿಸ್ಸಿನ ಕ್ರಾಂತಿಯ ಜನಸಾಮಾನ್ಯರು. ಶ್ರೀಮಂತರು ತೊಡುವ, ಮಂಡಿಗೆ ನಿಲ್ಲುವ ಚಡ್ಡಿ ಬಿಟ್ಟು ಇವರು ಉದ್ದ ಪ್ಯಾಂಟು ತೊಡುತ್ತಿದ್ದರು, ಅದಕ್ಕೆ ಆ ಹೆಸರು. ‘ಚಡ್ಡಿಯಿಲ್ಲದವರು’ ಅಂತ ಅಕ್ಷರಶಃ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಗಿಲ್‌ರೇಯೇ ಸಾಕ್ಷಿ. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಜೈಲುಗಳಲ್ಲಿ ಕೈದಿಗಳ ಹತ್ಯೆಗಳಾದ ಮೇಲೆ ಅವನು ಈ ಜನ ಮನುಷ್ಯರ ಮಾಂಸ ಊಟ ಮಾಡುತ್ತಿರುವ ಹಾಗೆ ಬರೆದ, ಅದೂ ಬೇಕೆಂದೇ ಕೆಳಗೆ ಬಟ್ಟೆಯಿಲ್ಲದೆ. ಅವನದು ಕಿಡಿಗೇಡಿತನ, ನಾನು ಮಾಡಿದರೆ ತಪ್ಪು ಅನುವಾದ. ಮೇಲಾಗಿ ಇವತ್ತು ನಮ್ಮಲ್ಲಿ ‘ಚಡ್ಡಿ’ ಅಂದರೆ ಬೇರೆಯದೇ ರಾಜಕೀಯ. ಸದ್ಯಕ್ಕೆ ‘ಉದ್ದಪ್ಯಾಂಟಿನವರು’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಶುಕ್ರವಾರ ಪ್ರತಿ ಕಳಿಸಬೇಕು, ಅಷ್ಟರೊಳಗೆ ಯಾರಾದರೂ ರಬ್ಬರ್ ಕೊಟ್ಟರೆ ಉಪಕಾರವಾಗುತ್ತದೆ.