ಟ್ಯಾಂಕಿನ ಬಣ್ಣ ಕಿತ್ತ ಹಾಗೆ ಮಾಡಲು ಹೋದೆ, ಸಿಡುಬು ಎದ್ದ ಹಾಗಾಗಿದೆ

ಸಣ್ಣಬ್ರಷ್:

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಕಿಟ್ ಜೋಡಿಸಿ 1/35 ಅಳತೆಯ ಪಾಂಜರ್ 4 (ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್), ಅದರ ಎಚ್ ಆವೃತ್ತಿ ಮಾಡುತ್ತಿದ್ದೇನೆ. ಜೋಡಣೆ ಚೆನ್ನಾಗಿ ಬಂತು. ಮೈಗೆ ಕಡುಹಳದಿ, ಅದರ ಮೇಲೆ ಹಸಿರು ಮತ್ತು ಕಂದು ಪಟ್ಟೆ. ಅದೂ ಚೆನ್ನಾಗಿಯೇ ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಯುದ್ಧದಲ್ಲಿ ಓಡಾಡಿದ ಗಾಡಿ, ಬಣ್ಣ ಕಿತ್ತಿರಬೇಕು ಅಲ್ವಾ ಅಂತ ಸ್ಪಂಜಿನ ತುಂಡಿಗೆ ಬೆಳ್ಳಿ ಬಣ್ಣ ಹಚ್ಚಿಕೊಂಡು ಅಂಚುಗಳಿಗೆಲ್ಲ ಒತ್ತುತ್ತಾ ಹೋದೆ. ಅಂಚು ಮುಗಿದ ಮೇಲೂ ಸ್ಪಂಜಿನಲ್ಲಿ ಬಣ್ಣ ಉಳಿದಿತ್ತು. ಸುಮ್ನೆ ಯಾಕೆ ದಂಡ ಮಾಡುವುದು ಅಂತ ಗೋಪುರದ (ಮೇಲೆ ತಿರುಗುವ, ಫಿರಂಗಿ ಇರುವ ಭಾಗ) ಪಕ್ಕಕ್ಕೂ ನಾಲ್ಕು ಸಲ ಒತ್ತಿದೆ. ತಮ್ಮ ಬಂದು ನೋಡಿದ. "ಇದಕ್ಕೆ ಸಿಡುಬು ಎದ್ದಿದೆಯಲ್ಲೋ" ಅಂದು ಹೋದ.

ಯಾವ ಬಣ್ಣ ಹಾಕಬೇಕಿತ್ತು? ಚುಕ್ಕೆ ಎಷ್ಟು ದೊಡ್ಡದಿರಬೇಕು? ಪೂರ್ತಿ ತೊಳೆದು ಹಾಕದೆ ಉಳಿಸಿಕೊಳ್ಳಬಹುದಾ? ಪಟ್ಟೆ ಹೊಡೆಯಲು ಎರಡು ಭಾನುವಾರ ಹೋಗಿವೆ, ಮತ್ತೆ ಮಾಡುವ ಶಕ್ತಿ ಇಲ್ಲ.

ಹಳೇತುಕ್ಕು:

ತೊಳೆಯಬೇಡಿ. ಇಲ್ಲಿರುವ ಎಲ್ಲರೂ ಒಂದಲ್ಲ ಒಂದು ಟ್ಯಾಂಕಿಗೆ ಸಿಡುಬು ಬರಿಸಿದವರೇ. ನನ್ನದು ಟೈಗರ್, ಅದೂ ಜರ್ಮನ್ ಟ್ಯಾಂಕೇ. ಈಗಲೂ ಡಬ್ಬಿಯಲ್ಲಿದೆ. ನನ್ನ ಕೈ ಬಹಳ ಪಳಗಿದೆ ಅನ್ನಿಸಿದಾಗ ತೆಗೆದು ನೋಡುತ್ತೇನೆ.

ಮೊದಲು ಆ ಬೆಳ್ಳಿ ಬಣ್ಣ ಪಕ್ಕಕ್ಕಿಡಿ. ಉಕ್ಕಿನ ಮೇಲಿನ ಬಣ್ಣ ಎದ್ದರೆ ಆ ಜಾಗ ಸ್ವಲ್ಪ ಹೊತ್ತು ಹೊಳೆಯುತ್ತದೆ, ನಿಜ. ಮಂಜು, ಮಳೆ ಬಿದ್ದ ಮೇಲೆ ಕಂದಾಗುತ್ತದೆ. ಹೊಳಪು ಉಳಿಯುವುದು ದಿನಾ ಉಜ್ಜುವ ಕಡೆ ಮಾತ್ರ: ಚೈನು ಎಳೆಯುವ ಚಕ್ರದ ಹಲ್ಲು, ಚೈನಿನ ಒಳಗಿನ ಕೊಂಬು, ನೆಲಕ್ಕೆ ತಾಗುವ ಮೈ. ಅಲ್ಲೂ ನಾನು ಬೆಳ್ಳಿ ಬಣ್ಣ ಹಚ್ಚುವುದಿಲ್ಲ. 6ಬಿ ಪೆನ್ಸಿಲಿನ ಮೊನೆ ಉಜ್ಜಿ, ಬೆರಳಲ್ಲಿ ಸವರುತ್ತೇನೆ. ಸೀಸದ ಮಂಕು ಹೊಳಪು ಸಾಕು.

ಇನ್ನು ಕಿತ್ತ ಜಾಗದಲ್ಲಿ ಏನು ಕಾಣಬೇಕು? ಕೆಳಗೆ ಏನಿತ್ತೋ ಅದು. ನಿಮ್ಮ ಗಾಡಿ 1943-44ರದ್ದು. ಫೆಬ್ರವರಿ 1943ರಿಂದ ಜರ್ಮನ್ನರು ಕಡುಹಳದಿಯನ್ನೇ ಮೂಲ ಬಣ್ಣ ಮಾಡಿಕೊಂಡರು. ಅದರ ಕೆಳಗೆ ಇಟ್ಟಿಗೆ ಕೆಂಪಿನ ಪ್ರೈಮರ್, ಅಂದರೆ ಎಲ್ಲಕ್ಕಿಂತ ಮೊದಲು ಹೊಡೆಯುವ ತಳದ ಬಣ್ಣ. ಹಸಿರು, ಕಂದು ಬಣ್ಣ ಗಟ್ಟಿ ಪೇಸ್ಟ್ ಆಗಿ ಬರುತ್ತಿತ್ತು. ಸಿಬ್ಬಂದಿಯೇ ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸಿ ಹೊಡೆಯುತ್ತಿದ್ದರು. ಹೀಗೆ ಹೊಡೆದ ತೆಳು ಬಣ್ಣ ಮೊದಲು ಸವೆಯುತ್ತದೆ. ಹಾಗಾಗಿ ನಿಮ್ಮ ಹಸಿರು ಪಟ್ಟೆಯ ಮೇಲೆ ಬೂಟು ಉಜ್ಜಿದರೆ ಮೊದಲು ಕಾಣುವುದು ಹಳದಿ. ಇನ್ನೂ ಉಜ್ಜಿದರೆ ಕೆಂಪು. ಆಮೇಲೆ ಕಂದು-ಕಪ್ಪು. ಇದೇ 1941ರ ಆಫ್ರಿಕಾದ ಟ್ಯಾಂಕ್ ಆಗಿದ್ದರೆ ಮರಳು ಬಣ್ಣದ ಕೆಳಗೆ ಯುರೋಪಿನಿಂದ ಬಂದ ಬೂದು ಬಣ್ಣ ಇಣುಕುತ್ತಿತ್ತು.

ಅಳತೆ. ನೀವು ಒತ್ತಿದ ಚುಕ್ಕೆ ಒಂದು ಮಿಲಿಮೀಟರ್ ಅಂದುಕೊಳ್ಳಿ. 1/35ರಲ್ಲಿ ಅದು ನಿಜವಾದ ಟ್ಯಾಂಕಿನ ಮೂರೂವರೆ ಸೆಂಟಿಮೀಟರ್. ಹತ್ತಿರ ಹತ್ತಿರ ಬೆಂಕಿಪೊಟ್ಟಣದ ಅಗಲ. ಗೋಪುರದ ಪಕ್ಕದಲ್ಲಿ ಯಾರು ಅಷ್ಟೊಂದು ಬೆಂಕಿಪೊಟ್ಟಣ ಅಂಟಿಸಿದರು?

ನಾನು ಬ್ರಷ್ ಹಿಡಿಯುವ ಮೊದಲು ಐದು ನಿಮಿಷ ಆ ಟ್ಯಾಂಕಿನ ಡ್ರೈವರ್ ಆಗುತ್ತೇನೆ. ಬೆಳಿಗ್ಗೆ ಎದ್ದು ಎಲ್ಲಿ ಕಾಲಿಡುತ್ತೇನೆ? ಮುಂದಿನ ಮಡ್‌ಗಾರ್ಡ್ ಮೇಲೆ. ಎಲ್ಲಿ ಕೈ ಊರುತ್ತೇನೆ? ಮುಚ್ಚಳದ ಅಂಚಿನ ಮೇಲೆ. ಸುತ್ತಿಗೆ, ಜಾಕ್ ದಿನಾ ತೆಗೆದು ಇಡುವ ಜಾಗ, ಎಂಜಿನ್ ಮುಚ್ಚಳದ ಅಂಚು, ಇವೆಲ್ಲ ಸವೆಯುತ್ತವೆ. ಗೋಪುರದ ಪಕ್ಕದ ಮಧ್ಯಕ್ಕೆ ಯಾರೂ ಹೋಗುವುದಿಲ್ಲ. ಕಾರಣ ಸಿಗದ ಕಡೆ ನಾನು ಚುಕ್ಕೆ ಇಡುವುದಿಲ್ಲ.

ಪಕ್ಕಕ್ಕೆ ನೇತು ಹಾಕಿದ ತೆಳು ಪ್ಲೇಟುಗಳಿವೆಯಲ್ಲ, ಕೆಳಗಿನವು ಬರೀ 5 ಮಿಲಿಮೀಟರ್ ದಪ್ಪ. ಗಿಡ, ಗೋಡೆ ಸವರಿಕೊಂಡು ಹೋಗುವುದು ಅವೇ. ಅಲ್ಲಿ ಚುಕ್ಕೆ ಬೇಡ, ಮುಂದಿನಿಂದ ಹಿಂದಕ್ಕೆ ಉದ್ದುದ್ದ ಗೀರು ಇರಲಿ. ಮುಂದಿನ ಮೂಲೆ ಸ್ವಲ್ಪ ಬಾಗಿರಲಿ. ಧೈರ್ಯ ಇದ್ದರೆ ಒಂದು ಪ್ಲೇಟನ್ನೇ ಕಳಚಿಡಿ, ಅವು ಬಿದ್ದುಹೋಗುತ್ತಲೇ ಇದ್ದವು.

ಈಗ ರಿಪೇರಿ. ಮಧ್ಯದ ಚುಕ್ಕೆಗಳನ್ನು ಮೂಲ ಬಣ್ಣದಲ್ಲೇ ಮುಚ್ಚಿ. ಛಾಯೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ, ಮೇಲೆ ಧೂಳು ಬರುತ್ತದೆ. ಅಂಚಿನವನ್ನು ಉಳಿಸಿಕೊಳ್ಳಿ. ಮೂಲ ಬಣ್ಣಕ್ಕೆ ಬಿಳಿ ಬೆರೆಸಿ, 000 ನಂಬರಿನ ಅತಿ ಸಣ್ಣ ಬ್ರಷ್‌ನಲ್ಲಿ ಅವುಗಳ ಮೇಲೆ ಅಂಕುಡೊಂಕಾಗಿ ತಿದ್ದಿ. ಒಣಗಿದ ಮೇಲೆ ಅದರೊಳಗೆ ಕಡುಕಂದು ತುಂಬಿ. ಪೂರ್ತಿ ತುಂಬಬೇಡಿ. ಕೆಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ತಿಳಿ ಬಣ್ಣ ಉಳಿಯಬೇಕು. ಬೆಳಕು ಆ ಅಂಚಿಗೆ ಬಿದ್ದ ಹಾಗೆ ಕಾಣುತ್ತದೆ, ಚುಕ್ಕೆ ಗುಳಿಯಾಗುತ್ತದೆ. ಮೊದಲ ಸಲ ಇದು ಕಂಡಾಗ ನಾನು ಭೂತಗನ್ನಡಿ ಕೆಳಗಿಟ್ಟು ನಕ್ಕುಬಿಟ್ಟಿದ್ದೆ.

ಸ್ಪಂಜು ತಪ್ಪಲ್ಲ. ಕತ್ತರಿಸಬೇಡಿ, ಹರಿಯಿರಿ. ಬಣ್ಣ ಹಚ್ಚಿಕೊಂಡು ಟಿಶ್ಯೂ ಮೇಲೆ ಒತ್ತುತ್ತಾ ಇರಿ. ಇನ್ನೇನೂ ಬರುತ್ತಿಲ್ಲ ಅನ್ನಿಸಿದಾಗ ಮಾಡೆಲ್‌ಗೆ ಒತ್ತಿ.

ಅಂಟುಬೆರಳು:

ಮುಂದಿನ ಸಲಕ್ಕೆ ಹೇರ್‌ಸ್ಪ್ರೇ ಪ್ರಯತ್ನಿಸಿ. ಕೆಳಗೆ ಕೆಂಪು-ಕಂದು ಬಣ್ಣ ಹೊಡೆದು ಚೆನ್ನಾಗಿ ಗಟ್ಟಿಯಾಗಲು ಬಿಡಿ. ಅದು ಲ್ಯಾಕರ್ ಅಥವಾ ಎನಾಮೆಲ್ (ನೀರಿಗೆ ಏಳದ ಬಣ್ಣಗಳು) ಆಗಿದ್ದರೆ ಒಳ್ಳೆಯದು. ಅದರ ಮೇಲೆ ಎರಡು ತೆಳು ಪದರ ಹೇರ್‌ಸ್ಪ್ರೇ. ಒಣಗಿದ ಮೇಲೆ ಅಕ್ರಿಲಿಕ್ ಹಳದಿ. ಅರ್ಧ ಗಂಟೆ ಬಿಟ್ಟು ನೀರು ಸವರಿ, ಗಿಡ್ಡ ಕೂದಲಿನ ಬ್ರಷ್‌ನಲ್ಲಿ ಮೆಲ್ಲಗೆ ಕೆದಕಿ. ಹೇರ್‌ಸ್ಪ್ರೇ ನೀರಿಗೆ ಕರಗುತ್ತದೆ, ಮೇಲಿನ ಬಣ್ಣ ತಾನಾಗಿ ಏಳುತ್ತದೆ. ಕೈಯಲ್ಲಿ ಬಿಡಿಸಲು ಆಗದಂಥ ಆಕಾರ ಬರುತ್ತದೆ.

ನಾನು ಮಾಡಿದ ತಪ್ಪು ಕೇಳಿ. ಮೇಲಿನ ಬಣ್ಣವನ್ನು ಲ್ಯಾಕರ್ ಥಿನ್ನರ್‌ನಲ್ಲಿ ಕಲಸಿದೆ. ಮೇಲಿಂದ ಎರಡು ದಿನ ಬಿಟ್ಟು ಬಂದೆ. ನೀರು ಹಾಕಿದೆ, ಉಜ್ಜಿದೆ, ಜಪ್ಪಯ್ಯ ಅಂದರೂ ಏಳಲಿಲ್ಲ. ಸಿಟ್ಟಿಗೆ ಜೋರಾಗಿ ಉಜ್ಜಿದೆ. ಹಳದಿ, ಕೆಂಪು, ಪ್ರೈಮರ್ ಎಲ್ಲ ಒಟ್ಟಿಗೆ ಎದ್ದು ಬೂದು ಪ್ಲಾಸ್ಟಿಕ್ ಕಂಡಿತು. ಆ ಜಾಗದ ಮೇಲೆ ಈಗ ಒಂದು ಟಾರ್ಪಾಲಿನ್ ಹೊದೆಸಿದ್ದೇನೆ.

ಚಳಿಗಾಲದ ಬಿಳಿ ಬಣ್ಣಕ್ಕಂತೂ ಹೇರ್‌ಸ್ಪ್ರೇಗೆ ಸಾಟಿ ಇಲ್ಲ. ನಿಜವಾದ ಟ್ಯಾಂಕಿಗೂ ತೊಳೆದರೆ ಹೋಗುವ ಬಿಳಿಯನ್ನೇ ಬಳಿಯುತ್ತಿದ್ದರು.

ಮ್ಯಾಟ್‌ಮೈ:

ಒಂದು ತಕರಾರು. ಇಷ್ಟೆಲ್ಲ ಕಿತ್ತ ಬಣ್ಣ ಬೇಕೇ ಬೇಕಾ? ಆ ಕಾಲದ ಫೋಟೋ ನೋಡಿ. ಕಾಣುವುದು ಧೂಳು, ಕೆಸರು, ಎಣ್ಣೆ ಕಲೆ. ಎಷ್ಟೋ ಟ್ಯಾಂಕುಗಳು ತುಕ್ಕು ಹಿಡಿಯುವಷ್ಟು ದಿನ ಬದುಕಲೇ ಇಲ್ಲ. ನಾವು ಮಾಡುವುದು ಹತ್ತು ವರ್ಷ ಮಳೆಯಲ್ಲಿ ನಿಂತ ಗುಜರಿಯ ಹಾಗಿರುತ್ತದೆ.

ಹಳೇತುಕ್ಕು:

ಒಪ್ಪಿದೆ. ಆದರೂ ಬೂಟಿನ ಸವೆತಕ್ಕೆ ವರ್ಷ ಬೇಡ, ಎರಡು ವಾರ ಸಾಕು. ಕಂದು ಚುಕ್ಕೆಯಿಂದ ಕೆಳಗಿಳಿಯುವ ತುಕ್ಕಿನ ಗೆರೆ ಇದೆಯಲ್ಲ, ಅದನ್ನು ಬಿಟ್ಟುಬಿಡೋಣ. ಅದು ಜಾಸ್ತಿಯೇ.

ಸಣ್ಣಬ್ರಷ್:

ನಾಲ್ಕು ದಿನ ಆಯ್ತು. ಗೋಪುರದ ಚುಕ್ಕೆ ಎಲ್ಲ ಮುಚ್ಚಿದೆ. ಎಡ ಮಡ್‌ಗಾರ್ಡ್ ಮತ್ತು ಡ್ರೈವರ್ ಮುಚ್ಚಳ ಮುಗಿದಿವೆ. ಹಸಿರು ಪಟ್ಟೆಯ ಮೇಲೆ ಹಳದಿ, ಹಳದಿಯೊಳಗೆ ಒಂದೇ ಒಂದು ಕೆಂಪು ಚುಕ್ಕೆ. ಅದೊಂದನ್ನು ಇಡಲು ಉಸಿರು ಬಿಗಿಹಿಡಿದಿದ್ದೆ. ತಮ್ಮ ಮತ್ತೆ ಬಂದ. ಈ ಸಲ "ಇದನ್ಯಾಕೆ ಯಾರೂ ಒರೆಸಿಲ್ಲ?" ಅಂದ.

ಒಂದು ಪ್ರಶ್ನೆ ಉಳಿದಿದೆ. ಪಕ್ಕದ ರೇಡಿಯೋದವನ ಮುಚ್ಚಳಕ್ಕೂ ಡ್ರೈವರ್ ಮುಚ್ಚಳದಷ್ಟೇ ಸವೆತ ಹಾಕಲಾ?

ಹಳೇತುಕ್ಕು:

ಅವನೂ ಅಷ್ಟೇ ಸಲ ಹತ್ತಿ ಇಳಿದಿರುತ್ತಾನೆ. ಅಷ್ಟೇ ಹಾಕಿ, ಆದರೆ ಅದೇ ಆಕಾರ ಬೇಡ. ಡ್ರೈವರ್‌ನದು ನೋಡದೆ ಬಿಡಿಸಿ, ಬೇಕಾದರೆ ಆ ಕಡೆಗೆ ಟಿಶ್ಯೂ ಮುಚ್ಚಿಕೊಳ್ಳಿ.