ಮಡಿಕೇರಿಯಲ್ಲಿ ಮೂರು ತಿಂಗಳು, ಅಡುಗೆ ನಮ್ಮದೇ: ಎಂಥ ಮನೆ ಹಿಡಿಯೋದು?

ಜೂನ್‌ನಿಂದ ಆಗಸ್ಟ್ ತನಕ ಕೆಲಸದ ಮೇಲೆ ಮಡಿಕೇರಿಯಲ್ಲಿರ್ತೀನಿ. ಜೊತೆಗೆ ಅಮ್ಮ, ಅವರಿಗೆ ಶುಗರ್, ಹೋಟೆಲ್ ಊಟ ಆಗಲ್ಲ. ಹೋಂಸ್ಟೇನಾ, ಸರ್ವಿಸ್ ಅಪಾರ್ಟ್‌ಮೆಂಟಾ? ಇದ್ದು ಬಂದವರು ಹೇಳಿ.

— ಮಹದೇವಪೇಟೆ ಕಡೆ ಒಂದು ಮಳೆಗಾಲ ಕಳೆದವಳು ನಾನು. ಫೋಟೋದಲ್ಲಿ ಬಾಲ್ಕನಿಯಿಂದ ಮಂಜು ಕಂಡಿತು, ಮರುಳಾಗಿ ಅಡ್ವಾನ್ಸ್ ಹಾಕಿದೆ. ಜುಲೈನಲ್ಲಿ ಅದೇ ಮಂಜು ಬೀರುವಿನೊಳಗೆ! ಬೆಲ್ಟು, ಚಪ್ಪಲಿ, ಮಡಿಸಿಟ್ಟ ರೇಷ್ಮೆ ಸೀರೆ, ಎಲ್ಲದರ ಮೇಲೂ ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಒಗೆದ ಬಟ್ಟೆ ನಾಲ್ಕು ದಿನವಾದರೂ ತಣ್ಣಗೆ ಅಂಟಂಟು. ಮನೆ ನೋಡೋಕೆ ಹೋದಾಗ ಬೀರು ಬಾಗಿಲು ತೆಗೆದು ಮೂಸಿ ನೋಡಿ, ಯಾರೇನಂದುಕೊಂಡರೂ ಸರಿ. ಊರವರು ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸ್ತಾರೆ. ಅದನ್ನು ನೋಡಿ ಕಿಟಕಿ ಮುಚ್ಚಿದ ಕೋಣೇಲಿ ಕೆಂಡ ಇಟ್ಟು ಮಲಗಬೇಡಿ, ಜೀವಕ್ಕೇ ಅಪಾಯ.

— 'ಕಿಚನ್ ಇದೆ' ಅಂದರೆ ಏನೇನಿದೆ ಅಂತ ಬಿಡಿಸಿ ಕೇಳಿ ಅಣ್ಣ. ನನಗೆ ಸಿಕ್ಕಿದ್ದು ಒಂದು ಇಂಡಕ್ಷನ್ ಒಲೆ, ಕೆಟಲ್, ಆರು ವೈನ್ ಗ್ಲಾಸು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಇಂಡಕ್ಷನ್ ಇದ್ದೇನು ಬಂತು? ಅಲ್ಲಿದ್ದ ಇನ್ವರ್ಟರ್ ಲೈಟಿಗಷ್ಟೇ. ಗ್ಯಾಸ್ ಇರಲೇಬೇಕು, ಖಾಲಿಯಾದರೆ ಯಾರು ತರಿಸೋದು ಅಂತಲೂ ಮೊದಲೇ ಮಾತಾಡಿ. ಕುಕ್ಕರ್ ನಿಮ್ಮದೇ ತನ್ನಿ.

— ನಾನು ಇಲ್ಲಿಯವನೇ. ಹೋಂಸ್ಟೇಯಲ್ಲಿ ಸಾಮಾನ್ಯವಾಗಿ ಮನೆಯವರೇ ಬೇಯಿಸಿ ಹಾಕೋದು, ತಮ್ಮ ಒಲೆ ಬಿಟ್ಟುಕೊಡೋರು ಕಡಿಮೆ. ತೋಟದೊಳಗಿನ ಮನೆ ಎರಡು ದಿನಕ್ಕೆ ಚೆಂದ. ಆಮೇಲೆ ಕೊತ್ತಂಬರಿ ಸೊಪ್ಪಿಗೂ ಜೀಪ್ ಹತ್ತಬೇಕು. ಪೇಟೆಯಲ್ಲೇ ಹಿಡೀರಿ, ಶುಕ್ರವಾರದ ಸಂತೆಗೆ ನಡೆದೇ ಹೋಗಬಹುದು. 'ಅರ್ಧ ಕಿಲೋಮೀಟರ್' ಅಂದರೆ ಏರೋ ಇಳಿಜಾರೋ ಕೇಳಿ, ಅಮ್ಮನ ಮಂಡಿ ಲೆಕ್ಕಕ್ಕೆ. ಮನೆ ಹಿಂದೆ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದಿದ್ದರೆ ಬಾಡಿಗೆ ಎಷ್ಟೇ ಕಮ್ಮಿಯಾಗಲಿ ಬೇಡ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದವರು ಅಂಥ ಗೋಡೆಗೆ ತಲೆ ಕೊಟ್ಟು ಮಲಗಲ್ಲ. ಕೆಲಸ ಒಪ್ಪಿದರೆ ಕುಶಾಲನಗರ ನೋಡಿ: ಸುಮಾರು 30 ಕಿ.ಮೀ., ಮಳೆ ಕಮ್ಮಿ, ಊರೊಳಗಿನ ರಸ್ತೆ ಸಮತಟ್ಟು. ಹೊಳೆ ಬದಿಯ ಬಡಾವಣೆ ಮಾತ್ರ ಬಿಡಿ, ಕಾವೇರಿ ಉಕ್ಕಿದರೆ ನೀರು ಒಳಗೇ.

— ಕೇಳಿದವನು ನಾನೇ. ಅಕ್ಕ, ಇವತ್ತು ಒಂದು ಮನೆ ನೋಡಿದೆ. ಬೀರುಗೆ ಮೂಗಿಟ್ಟ ತಕ್ಷಣ ಓನರ್, 'ಇದು ಯಾರು ಹೇಳಿಕೊಟ್ಟಿದ್ದು?' ಅಂದರು. ಇನ್ನೊಂದು ನೋಡ್ತೀನಿ.