ರಿಮೋಟ್ ಕೀಗೆ ಹೊಸ ಸೆಲ್ ಹಾಕಿದ್ಮೇಲೆ ಕೀಲೆಸ್ ಎಂಟ್ರಿ ಕೆಲ್ಸ ಮಾಡ್ತಿಲ್ಲ, ಗಟ್ಟಿಯಾಗಿ ಹಿಂಡಿದ್ರೆ ಮಾತ್ರ ಅನ್‌ಲಾಕ್ ಆಗ್ತಿದೆ

ಹಾಸನ್_ಕಾಫಿ:
ಎಲ್ರಿಗೂ ನಮಸ್ಕಾರ. ನಮ್ಮದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಪುಶ್ ಬಟನ್ ಸ್ಟಾರ್ಟ್, ಕೀ ಜೇಬಲ್ಲಿಟ್ಕೊಂಡು ಹ್ಯಾಂಡಲ್ ಮೇಲಿರೋ ಕಪ್ಪು ಬಟನ್ ಒತ್ತಿದ್ರೆ ಡೋರ್ ತೆಗ್ಯೋ ಟೈಪ್. ಮೀಟರಲ್ಲಿ ಕೀ ಬ್ಯಾಟರಿ ಲೋ ಅಂತ ಬರ್ತಿತ್ತು, ಸರಿ ಅಂತ ಅಂಗಡಿಯಿಂದ ಒಳ್ಳೆ ಕಂಪ್ನಿದೇ ಸಿಆರ್2032 ಸೆಲ್ ತಂದು ಹಾಕ್ದೆ, ಅದಾದ್ಮೇಲೆ ಮೊದ್ಲಿಗಿಂತ ಜಾಸ್ತಿ ತೊಂದ್ರೆ. ಹ್ಯಾಂಡಲ್ ಬಟನ್ ಒತ್ತಿದ್ರೆ ಏನೂ ಆಗಲ್ಲ, ರಿಮೋಟ್ ಬಟನ್ನೂ ಸುಮ್ನೆ ಒತ್ತಿದ್ರೆ ಇಲ್ಲ, ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಂಡಿ ಹಿಡ್ಕೊಂಡು ಒತ್ತಿದ್ರೆ ಒಂದೊಂದ್ಸಲ ಅನ್‌ಲಾಕ್ ಆಗುತ್ತೆ. ಆದ್ರೆ ಒಳಗೆ ಕೂತು ಸ್ಟಾರ್ಟ್ ಬಟನ್‌ಗೆ ಕೀ ತಾಗಿಸಿದ್ರೆ ಗಾಡಿ ಮಾತ್ರ ಸ್ಟಾರ್ಟ್ ಆಗ್ತಿದೆ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದ್ರೆ ಸೆಲ್ ತೆಗ್ದಾಗ ಕೋಡ್ ಹೋಗಿರುತ್ತೆ, ಹೊಸ ಕೀ ತರಿಸಿ ಪ್ರೋಗ್ರಾಮಿಂಗ್ ಮಾಡ್ಬೇಕು ಅಂತಾರೆ, ಸಾವಿರಗಟ್ಲೆ ಆಗುತ್ತಂತೆ. ಈ ಗಾಡೀಲಿ ಅಪ್ಪ ಒಬ್ರೇ ತೋಟಕ್ಕೆ ಹೋಗಿ ಬರ್ತಾರೆ, ನೆಟ್‌ವರ್ಕೂ ಸಿಗದ ಜಾಗ, ಅಲ್ಲಿ ಬಾಗಿಲು ತೆಗೀದೆ ನಿಂತ್ಬಿಟ್ರೆ ಅನ್ನೋದೇ ನಂಗೆ ಯೋಚ್ನೆ. ಹೊಸ ಕೀ ತಗೋಳೋಕ್ ಮುಂಚೆ ನಾವೇ ಏನಾದ್ರೂ ನೋಡ್ಬಹುದಾ?

ಧಾರವಾಡ_ಡ್ರೈವ್:
ಮೊದ್ಲ ಒಂದ್ ಕೆಲ್ಸ ಮಾಡ್ರಿ ಸರ, ಕೀ ಒಳಗ ಒಂದು ಸಣ್ಣ ಕಬ್ಬಿಣದ ಕೀ ಇರತೈತಿ, ಬಾಜೂಕಿನ ಲಾಕ್ ಸರಿಸಿ ಎಳದ್ರ ಹೊರಗ ಬರತೈತಿ. ಡ್ರೈವರ್ ಡೋರ್ ಹ್ಯಾಂಡಲ್‌ದಾಗ ಕೀ ತೂತು ಎಲ್ಲೈತಿ ಅಂತ ಅಪ್ಪಾರಿಗೆ ತೋರ್ಸಿಬಿಡ್ರಿ, ಕೆಲವು ಗಾಡ್ಯಾಗ ಅದರ ಮ್ಯಾಲ ಮುಚ್ಚಳ ಇರತೈತಿ. ಆಮ್ಯಾಲ ಸ್ಟಾರ್ಟ್ ಬಟನ್‌ಗೆ ಕೀ ತಾಗ್ಸೋದನ್ನ ಅವ್ರ ಕೈಲೇ ಮಾಡ್ಸಿ ನೋಡ್ರಿ. ಇಷ್ಟು ಗೊತ್ತಿದ್ರ ಸೆಲ್ ಪೂರ್ತಿ ಸತ್ರೂ ಅವ್ರು ಮನಿಗೆ ಬರ್ತಾರ. ಕಬ್ಬಿಣದ ಕೀಲೇ ತಗದ್ರ ಕೆಲವು ಗಾಡಿ ಅಲಾರಾಂ ಹೊಡ್ಕೊಂತಾವ, ಗಾಬರಿ ಆಗಬ್ಯಾಡ್ರಿ, ಸ್ಟಾರ್ಟ್ ಮಾಡಿದ ಕೂಡ್ಲೇ ನಿಂದರತೈತಿ. ಇನ್ನ ಸೆಲ್ ಉಲ್ಟಾ ಹಾಕೀರೇನ ಅದನ್ನೂ ನೋಡ್ರಿ, ಪ್ಲಸ್ ಗುರ್ತು ಕೆಲವು ಕೀಯಾಗ ಕೆಳಗ ಮುಖ ಮಾಡಿ ಇರತೈತಿ.

ಹಾಸನ್_ಕಾಫಿ:
ಥ್ಯಾಂಕ್ಸ್ ಸರ್, ಅದು ನಂಗೆ ಹೊಳ್ದೇ ಇರ್ಲಿಲ್ಲ, ಇವತ್ತೇ ಅಪ್ಪಂಗೆ ತೋರಿಸ್ತೀನಿ. ಸೆಲ್ ಸರಿಯಾಗೇ ಇದೆ, ಹಳೇದು ಹೆಂಗಿತ್ತೋ ಫೋಟೋ ತೆಗ್ದಿಟ್ಕೊಂಡು ಹಾಗೇ ಹಾಕಿದೀನಿ.

ಬೆಸುಗೆ_ಬೆಂಗಳೂರು:
ಹೊಸ ಕೀಗೆ ಈಗ್ಲೇ ದುಡ್ಡು ಕಟ್ಬೇಡಿ, ದಯವಿಟ್ಟು. ನೀವು ಬರ್ದಿರೋದ್ರಲ್ಲೇ ಅರ್ಧ ಉತ್ತರ ಇದೆ.

ಆ ಒಂದು ಕೀ ಒಳಗೆ ಮೂರು ಬೇರೆ ಬೇರೆ ಕೆಲ್ಸ ನಡೀತಿರುತ್ತೆ. ಒಂದು, ಬಟನ್ ಒತ್ತಿದಾಗ ರೇಡಿಯೋ ಸಿಗ್ನಲ್ ಕಳ್ಸೋದು, ನಮ್ಮಲ್ಲಿ ಹೆಚ್ಚಿನ ಗಾಡಿಗಳಲ್ಲಿ ಅದು 433.92 ಮೆಗಾಹರ್ಟ್ಸ್. ಇದಕ್ಕೆ ಸೆಲ್ ಬೇಕೇ ಬೇಕು. ಎರಡು, ಹ್ಯಾಂಡಲ್ ಬಟನ್ ಒತ್ತಿದಾಗ ಗಾಡಿಯ ಆಂಟೆನಾಗಳು 125 ಕಿಲೋಹರ್ಟ್ಸ್ ಆಸುಪಾಸಿನ ಸಿಗ್ನಲ್ ಬಿಟ್ಟು ಕೀ ಹತ್ರದಲ್ಲಿದ್ಯಾ ಅಂತ ಕೇಳುತ್ವೆ, ಇದು ಮುಕ್ಕಾಲು ಮೀಟರ್, ಹೆಚ್ಚೆಂದ್ರೆ ಒಂದು ಮೀಟರ್ ದೂರಕ್ಕೆ ಸಾಕಾಗುತ್ತೆ ಅಷ್ಟೇ, ಕೀ ಅದನ್ನ ಕೇಳಿಸ್ಕೊಂಡು 433ರಲ್ಲಿ ವಾಪಸ್ ಉತ್ತರ ಕೊಡುತ್ತೆ. ಇದಕ್ಕೂ ಸೆಲ್ ಬೇಕು, ಅದ್ರಲ್ಲೂ ಕೀ ಇಪ್ಪತ್ನಾಲ್ಕು ಗಂಟೆ ಕಿವಿ ತೆಗ್ದಿಟ್ಕೊಂಡೇ ಇರ್ಬೇಕು, ಹಾಗಾಗಿ ಕರೆಂಟ್ ಕಡಿಯದೆ ಬರ್ತಾ ಇರ್ಬೇಕು. ಮೂರನೇದು ಇಮ್ಮೊಬಿಲೈಸರ್ ಚಿಪ್, ಅಂದ್ರೆ ಇದು ನಮ್ಮದೇ ಕೀ ಅಂತ ಗಾಡಿಗೆ ಗುರುತು ಹೇಳೋ ಚಿಪ್, ಅದಿಲ್ದೆ ಎಂಜಿನ್ ಸ್ಟಾರ್ಟ್ ಆಗಲ್ಲ. ಸ್ಟಾರ್ಟ್ ಬಟನ್ ಸುತ್ತ ಒಂದು ಕಾಯಿಲ್ ಇರುತ್ತೆ, ಕೀ ತಾಗಿಸಿದಾಗ ಆ ಕಾಯಿಲಿಂದಾನೇ ಚಿಪ್‌ಗೆ ಪವರ್ ಸಿಗುತ್ತೆ, ನಮ್ಮ ಮೆಟ್ರೋ ಕಾರ್ಡಲ್ಲಿ ಸೆಲ್ ಇಲ್ದೆ ಗೇಟ್ ತೆಗ್ಯೋ ಹಾಗೆ.

ನಿಮ್ಮ ಗಾಡೀಲಿ ಮೂರನೇದು ಸರಿ ಇದೆ. ಅಂದ್ರೆ ಗಾಡಿ ಇನ್ನೂ ನಿಮ್ಮ ಕೀನ ಗುರುತು ಹಿಡೀತಿದೆ. ಹಿಂಡಿದಾಗ ಮೊದಲ್ನೇದೂ ಕೆಲ್ಸ ಮಾಡ್ತಿದೆ, ಕೋಡ್ ಹೋಗಿದ್ರೆ ಎಷ್ಟು ಹಿಂಡಿದ್ರೂ ಒಂದೇ ಒಂದ್ಸಲಾನೂ ತೆಗೀತಿರ್ಲಿಲ್ಲ ಅಲ್ವಾ. ಕೋಡ್ ಇರೋದು ಸೆಲ್ ತೆಗೆದ್ರೂ ಅಳಿಸದ ಮೆಮೊರೀಲಿ. ಇಷ್ಟು ಲಕ್ಷಣ ಸೇರಿದ್ರೆ ಸೆಲ್‌ಗೂ ಬೋರ್ಡ್‌ಗೂ ಮಧ್ಯೆ ಕಾಂಟ್ಯಾಕ್ಟ್ ಸರಿ ಕೂತಿಲ್ಲ ಅಂತಾನೇ ಲೆಕ್ಕ.

ಮಲ್ಟಿಮೀಟರ್ ಇದ್ರೆ ಡಿಸಿ 20 ವೋಲ್ಟ್ ರೇಂಜಿಗಿಟ್ಟು ಎರಡು ಕಡೆ ಅಳೀರಿ. ಮೊದ್ಲು ಬರೀ ಸೆಲ್, ಹೊಸದಾಗಿದ್ರೆ 3ರಿಂದ 3.3 ವೋಲ್ಟ್ ಬರ್ಬೇಕು. ಆಮೇಲೆ ಸೆಲ್ ಕೂರ್ಸಿ, ಕಾಂಟ್ಯಾಕ್ಟ್ ಸ್ಪ್ರಿಂಗ್‌ಗಳು ಬೋರ್ಡ್‌ಗೆ ಬೆಸುಗೆ ಆಗಿರೋ ಬುಡದಲ್ಲಿ ಅಳೀರಿ, ಬಟನ್ ಒತ್ತಿ ಹಿಡ್ಕೊಂಡೂ ಒಮ್ಮೆ ನೋಡಿ. ಸುಮ್ನಿದ್ದಾಗ 3.1 ತೋರ್ಸಿ ಒತ್ತಿದ ತಕ್ಷಣ ಸೆಲ್ ಮೇಲೇ 2.5ಕ್ಕಿಂತ ಕೆಳಗೆ ಬಿದ್ರೆ ಸೆಲ್ಲೇ ಹಳೇ ಸ್ಟಾಕು ಇಲ್ಲಾ ಡೂಪ್ಲಿಕೇಟು. ಸೆಲ್ ಮೇಲೆ ಚೆನ್ನಾಗಿದ್ದು ಬುಡದಲ್ಲಿ ಮಾತ್ರ ಕುಣೀತಿದ್ರೆ ಕಾಂಟ್ಯಾಕ್ಟ್ ತೊಂದ್ರೆ. ಸೆಲ್ ಮೇಲೆ 2032 ಅಂತಾನೇ ಇದ್ಯಾ ಅದನ್ನೂ ಓದಿ ನೋಡಿ. ಮೊದ್ಲ ಎರಡಂಕಿ ಅಗಲ, 20 ಮಿಲಿಮೀಟರ್, ಕೊನೇ ಎರಡು ದಪ್ಪ, 3.2 ಮಿಲಿಮೀಟರ್. ಅಂಗಡಿಯವ್ರು ಎಷ್ಟೋ ಸಲ 2025 ಕೊಟ್ಬಿಡ್ತಾರೆ, ವೋಲ್ಟ್ ಒಂದೇ, ಅಗಲಾನೂ ಒಂದೇ, ದಪ್ಪ 2.5 ಅಷ್ಟೇ, ಒಳಗೆ ಸಡಿಲ ಆಗಿ ನಿಮಗಾಗ್ತಿರೋದೇ ಆಗುತ್ತೆ.

ವೀಕೆಂಡ್_ಗ್ಯಾರೇಜ್:
ಮೊಬೈಲ್ ಕ್ಯಾಮೆರಾ ಮುಂದೆ ರಿಮೋಟ್ ಹಿಡ್ದು ಬಟನ್ ಒತ್ತಿ ನೋಡಿ ಬ್ರೋ, ಲೈಟ್ ಕಾಣ್ಲಿಲ್ಲ ಅಂದ್ರೆ ರಿಮೋಟ್ ಡೆಡ್. ಲೂಸ್ ಇದ್ರೆ ಸೆಲ್ ಕೆಳಗೆ ಸ್ವಲ್ಪ ಸಿಗರೇಟ್ ಪ್ಯಾಕ್‌ನ ಫಾಯಿಲ್ ಮಡಚಿ ಇಡಿ ಸಾಕು.

ಬೆಸುಗೆ_ಬೆಂಗಳೂರು:
ಕ್ಯಾಮೆರಾ ಟೆಸ್ಟ್ ಟಿವಿ ರಿಮೋಟ್‌ಗೆ ಸರಿ, ಅದು ಇನ್‌ಫ್ರಾರೆಡ್, ಅಂದ್ರೆ ಕಣ್ಣಿಗೆ ಕಾಣದ ಬೆಳಕು. ಇದು ರೇಡಿಯೋ, ಚೆನ್ನಾಗಿರೋ ಕಾರ್ ಕೀನೂ ಕ್ಯಾಮೆರಾದಲ್ಲಿ ಏನೂ ತೋರ್ಸಲ್ಲ, ಅದನ್ನ ನಂಬಿ ಒಳ್ಳೆ ಕೀ ಎಸೀಬೇಡಿ. ಫಾಯಿಲ್ ಅಂತೂ ಖಂಡಿತ ಬೇಡ. ಈ ಸೆಲ್‌ನ ಮೇಲ್ಭಾಗದ ಜೊತೆ ಸುತ್ತಲಿನ ಅಂಚೂ ಪ್ಲಸ್ಸೇ, ಫಾಯಿಲ್ ಒಂಚೂರು ಜರುಗಿ ಅಂಚಿಗೂ ಮೈನಸ್‌ಗೂ ಒಟ್ಟಿಗೆ ತಾಗಿದ್ರೆ ಶಾರ್ಟ್ ಆಗುತ್ತೆ. ಸ್ಟೀಲ್ ಚಿಮಟದಲ್ಲಿ ಸೆಲ್ ಹಿಡಿಯೋದೂ ಅದಕ್ಕೇ ಬೇಡ ಅನ್ನೋದು.

ಹಾಸನ್_ಕಾಫಿ:
ಪಕ್ಕದ್ಮನೆ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇಸ್ಕೊಂಡು ಅಳ್ದೆ. ಸೆಲ್ ಮೇಲೆ 2032 ಅಂತಾನೇ ಇದೆ. ಬರೀ ಸೆಲ್ 3.2. ಕೂರಿಸಿ ಸ್ಪ್ರಿಂಗ್ ಬುಡದಲ್ಲಿ ಅಳೆದ್ರೆ ಒಂದ್ಸಲ ಸೊನ್ನೆ, ಒಂದ್ಸಲ 1.8, ಬೆರಳಲ್ಲಿ ಒತ್ತಿ ಹಿಡಿದ್ರೆ 3.2. ಇನ್ನೊಂದು ವಿಷ್ಯ, ಸೆಲ್‌ನ ಮೈನಸ್ ಕಡೆ ಬೆಳಕಿಗೆ ಓರೆಯಾಗಿ ಹಿಡಿದ್ರೆ ನಡುವಿಗಿಂತ ಅಂಚಿನ ಹತ್ರ ಬಳೆ ಥರ ಒಂದು ಮಂಕು ಪಟ್ಟಿ ಕಾಣುತ್ತೆ, ಉಗುರಲ್ಲಿ ಕೆರೆದ್ರೆ ಮೇಣದ ಥರ ಸ್ವಲ್ಪ ಬರುತ್ತೆ. ಹಳೇ ಸೆಲ್ ಮೇಲೆ ಅದಿಲ್ಲ. ಡೂಪ್ಲಿಕೇಟ್ ಇರ್ಬಹುದಾ?

ಬೆಸುಗೆ_ಬೆಂಗಳೂರು:
ಡೂಪ್ಲಿಕೇಟ್ ಅಲ್ಲ, ಅದು ಕಹಿ ಲೇಪನ. ಮಕ್ಕಳು ಬಾಯಿಗೆ ಹಾಕ್ಕೊಂಡ್ರೆ ತಕ್ಷಣ ಉಗೀಲಿ ಅಂತ ಈಗ ಕೆಲವು ಕಂಪ್ನಿಗಳು ಬಟನ್ ಸೆಲ್‌ಗಳಿಗೆ ಹಚ್ತಾರೆ. ಉದ್ದೇಶ ತುಂಬಾ ಒಳ್ಳೇದು, ಆದ್ರೆ ಅದು ಕರೆಂಟ್ ಬಿಡೋ ಪದಾರ್ಥ ಅಲ್ಲ, ಮೈನಸ್ ಸ್ಪ್ರಿಂಗ್ ಸರಿಯಾಗಿ ಆ ಬಳೆ ಮೇಲೇ ಬಂದು ಕೂರೋ ಡಿಸೈನಾದ್ರೆ ಕಾಂಟ್ಯಾಕ್ಟ್ ಸಿಗಲ್ಲ. ಆಪಲ್ ತನ್ನ ಏರ್‌ಟ್ಯಾಗ್‌ಗೆ (ಕಳೆದ ವಸ್ತು ಹುಡುಕೋ ಸಣ್ಣ ಬಿಲ್ಲೆ) ಇಂಥ ಲೇಪನ ಇರೋ 2032 ಸೆಲ್ ಕೆಲ್ಸ ಮಾಡ್ದೇ ಇರ್ಬಹುದು ಅಂತ ತಾನೇ ಹೇಳಿದೆ, ಇಲ್ಲೂ ಅದೇ ಕಥೆ.

ಲೇಪನ ಇಲ್ಲದ ಸೆಲ್ ಸಿಕ್ರೆ ಅದನ್ನೇ ಹಾಕಿ. ಇಲ್ಲಾಂದ್ರೆ ಮೊಬೈಲ್ ರಿಪೇರಿ ಅಂಗಡೀಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತೆ, ಸ್ವಲ್ಪ ಇಸ್ಕೊಂಡು ಹತ್ತಿ ಬಟ್ಟೆಗೆ ಹಚ್ಚಿ ಮೈನಸ್ ಮುಖವನ್ನ ಆ ಮಂಕು ಹೋಗೋವರೆಗೂ ಒರೆಸಿ, ಒಣಗಿಸಿ ಹಾಕಿ. ಜೆಲ್ ಸ್ಯಾನಿಟೈಸರ್ ಬೇಡ, ಅಂಟು ಉಳಿಯುತ್ತೆ. ಉಪ್ಪು ಕಾಗದದಲ್ಲಿ ಉಜ್ಜೋದೂ ಬೇಡ.

ಜೊತೆಗೆ ಸ್ಪ್ರಿಂಗ್ ನೋಡಿ. ಹಳೇ ಸೆಲ್ ತೆಗೆಯೋವಾಗ ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಮೈನಸ್ ಕಡೆಯ ಸಣ್ಣ ನಾಲಿಗೆಗಳು ಚಪ್ಪಟೆ ಆಗ್ಬಿಡುತ್ವೆ. ಬೋರ್ಡನ್ನ ಕಣ್ಣಿನ ಮಟ್ಟಕ್ಕೆ ಹಿಡ್ದು ಪಕ್ಕದಿಂದ ನೋಡಿದ್ರೆ ಗೊತ್ತಾಗುತ್ತೆ, ಒಂದು ಎದ್ದಿರುತ್ತೆ ಇನ್ನೊಂದು ಮಲಗಿರುತ್ತೆ. ಟೂತ್‌ಪಿಕ್‌ನಲ್ಲಿ ಬುಡದಿಂದ ಮೆಲ್ಲಗೆ ಎತ್ತಿ, ಕೂದಲೆಳೆಯಷ್ಟು ಸಾಕು. ಒಂದೇ ಸಲಕ್ಕೆ ಮಾಡಿ ಬಿಟ್ಬಿಡಿ, ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಮುರಿಯುತ್ತೆ, ಮುರಿದ್ರೆ ಆಗ ನಿಜವಾಗ್ಲೂ ರಿಪೇರಿಗೆ ಹೋಗ್ಬೇಕಾಗುತ್ತೆ.

ಕುಡ್ಲ_ಗಾಡಿ:
ಇದೇ ಥರದ್ದು ನನ್ನದೊಂದು ಉಂಟು ಮಾರಾಯ್ರೆ, ಆದ್ರೆ ಉಲ್ಟಾ. ನನ್ನದು ಮಡಚುವ ಕೀ, ಪುಶ್ ಸ್ಟಾರ್ಟ್ ಅಲ್ಲ. ಕೇಸ್ ಸವೆದಿತ್ತು ಅಂತ ಸೆಲ್ ಹಾಕುವಾಗ್ಲೇ ಹೊಸ ಕೇಸಿಗೆ ಹಾಕಿದ್ದು. ಈಗ ಲಾಕ್ ಅನ್‌ಲಾಕ್ ಎಲ್ಲ ಚಂದ ಆಗ್ತದೆ, ಗಾಡಿ ಸ್ಟಾರ್ಟ್ ಆಗುದಿಲ್ಲ, ಮೀಟರಲ್ಲಿ ಕೀ ಚಿತ್ರ ಇರುವ ಲೈಟ್ ಮಿಣಮಿಣ ಮಾಡ್ತದೆ. ಎಂತ ಮಾಡುದು?

ಬೆಸುಗೆ_ಬೆಂಗಳೂರು:
ಹಳೇ ಕೇಸ್ ಎಸೆದಿಲ್ಲ ತಾನೇ? ಎಸೀಬೇಡಿ. ಮಡಚೋ ಕೀಗಳಲ್ಲಿ ಎಷ್ಟೋ ಸಲ ಇಮ್ಮೊಬಿಲೈಸರ್ ಚಿಪ್ ಬೋರ್ಡ್ ಮೇಲಿರಲ್ಲ, ಬೇರೆಯಾಗಿ ಪ್ಲಾಸ್ಟಿಕ್ ಕೇಸಿನ ಒಂದು ಸಂದೀಲಿ ಕೂತಿರುತ್ತೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ತುಂಡು ಇಲ್ಲಾ ಸಣ್ಣ ಗಾಜಿನ ಕೊಳವೆ. ನೋಡಿದ್ರೆ ಪ್ಲಾಸ್ಟಿಕ್ ಚೂರು ಅನ್ಸುತ್ತೆ. ಅದು ಹಳೇ ಕೇಸಲ್ಲೇ ಉಳಿದಿರುತ್ತೆ, ಅದಕ್ಕೇ ಬಟನ್ ಕೆಲ್ಸ ಮಾಡಿ ಎಂಜಿನ್ ಮಾತ್ರ ಬೇಡ ಅಂತಿದೆ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಹಳೇ ಕೇಸ್ ತೆಗೀರಿ, ಚಿಪ್ ಸಿಕ್ರೆ ಹೊಸ ಕೇಸಿನ ಅದೇ ಜಾಗಕ್ಕೆ ಕೂರಿಸಿ. ಗಾಜಿನದಾದ್ರೆ ಒತ್ಬೇಡಿ, ಬಿರುಕು ಬಿಟ್ರೆ ಮುಗೀತು.

ಧಾರವಾಡ_ಡ್ರೈವ್:
ನಂದೊಂದು ಪ್ರಶ್ನೆ, ಮಕ್ಕಳು ಆಟ ಆಡ್ಕೋತ ಮನ್ಯಾಗ ರಿಮೋಟ್ ಬಟನ್ ಭಾಳ ಸಲ ಒತ್ತಿದ್ರ ಕೋಡ್ ತಪ್ಪತೈತಿ ಅಂತಾರಲ್ರಿ, ಅದು ಖರೇನೂ ಸುಳ್ಳೋ?

ಬೆಸುಗೆ_ಬೆಂಗಳೂರು:
ಅರ್ಧ ನಿಜ. ಪ್ರತಿ ಸಲ ಒತ್ತಿದಾಗ್ಲೂ ಕೀ ಹೊಸ ಕೋಡ್ ಕಳ್ಸುತ್ತೆ, ಗಾಡಿ ದೂರ ಇದ್ರೆ ಅದು ಕೇಳಿಸ್ಕೊಳ್ಳಲ್ಲ, ಲೆಕ್ಕದಲ್ಲಿ ಹಿಂದೆ ಬೀಳುತ್ತೆ. ಅದಕ್ಕೆ ಅಂತಾನೇ ಸಡಿಲ ಇಟ್ಟಿರ್ತಾರೆ, ಹೀಗೆ ಕೋಡ್ ಬದಲಾಯಿಸೋ ಕೀಲಾಕ್ (KeeLoq) ಅನ್ನೋ ಹೆಸರಾದ ಪದ್ಧತೀಲಿ ಸಾಮಾನ್ಯವಾಗಿ 16 ಒತ್ತುಗಳ ಅಂತರವನ್ನ ಗಾಡಿ ತಾನೇ ಸರಿ ಮಾಡ್ಕೊಳುತ್ತೆ, ಅದನ್ನ ದಾಟಿದ್ರೆ ಗಾಡಿ ಹತ್ರ ನಿಂತು ಬೆನ್ನಿಗೇ ಎರಡು ಸಲ ಒತ್ತಿದ್ರೆ ಮತ್ತೆ ಹೊಂದ್ಕೊಳುತ್ತೆ. ಕೆಲವು ಗಾಡಿಗಳಿಗೆ ಇಗ್ನಿಷನ್ ಆನ್ ಮಾಡಿ ಬಟನ್ ಒತ್ತೋ ಕ್ರಮ ಇರುತ್ತೆ, ಮ್ಯಾನುಯಲ್‌ನಲ್ಲಿ ಬರ್ದಿರ್ತಾರೆ. ಸೆಲ್ ಬದಲಾಯಿಸಿದ್ದಕ್ಕೇ ಹೊಸ ಕೀ ಬೇಕು ಅನ್ನೋ ಮಾತನ್ನ ಮಾತ್ರ ಯಾರೇ ಹೇಳಿದ್ರೂ ಅಳತೆ ಮಾಡದೆ ಒಪ್ಕೋಬೇಡಿ. ಎಷ್ಟೋ ಮನೆಯವ್ರು ಈ ಒಂದು ಮಾತಿಗೆ ಸುಮ್ನೆ ದುಡ್ಡು ಕಳ್ಕೊಳ್ತಿದಾರೆ, ನಂಗೆ ಅದೇ ಬೇಜಾರು.

ಹಾಸನ್_ಕಾಫಿ:
ಸರ್, ಆಯ್ತು! ಮೊದ್ಲು ಬರೀ ಒರೆಸಿ ಹಾಕ್ದೆ, ಸ್ಪ್ರಿಂಗ್ ಬುಡದಲ್ಲಿ 3.2 ಬಂತು, ಆದ್ರೂ ಕೀನ ಅಂಗೈಗೆ ಕುಟ್ಟಿದ್ರೆ ಮತ್ತೆ ಬೀಳ್ತಿತ್ತು. ಪಕ್ಕದಿಂದ ನೋಡಿದ್ರೆ ನೀವು ಹೇಳಿದ ಹಾಗೇ ಎರಡು ನಾಲಿಗೇಲಿ ಒಂದು ಪೂರ್ತಿ ಮಲಗಿತ್ತು, ಟೂತ್‌ಪಿಕ್‌ನಲ್ಲಿ ಎತ್ತಿದ್ಮೇಲೆ ಈಗ ಕುಟ್ಟಿದ್ರೂ ಅಲುಗಾಡ್ತಿಲ್ಲ, ಹ್ಯಾಂಡಲ್ ಬಟನ್ ಒತ್ತಿದ ಕೂಡ್ಲೇ ಡೋರ್ ತೆಗೀತಿದೆ, ಮೀಟರಲ್ಲಿ ಲೋ ಬ್ಯಾಟರಿ ಮೆಸೇಜೂ ಹೋಯ್ತು. ಅಪ್ಪಂಗೆ ಕಬ್ಬಿಣದ ಕೀ ಹಾಕಿ ತೆಗೆಯೋದನ್ನೂ ಕಲಿಸಿದೀನಿ. ಒಂದೇ ಒಂದು ಉಳ್ಕೊಂಡಿದೆ, ಮನೆ ಕೆಳಗೆ ಪಾರ್ಕ್ ಮಾಡಿದಾಗ ಒಂದೊಂದ್ಸಲ ಹ್ಯಾಂಡಲ್ ಬಟನ್ ಎರಡನೇ ಸಲಕ್ಕೆ ಕೇಳುತ್ತೆ.

ಬೆಸುಗೆ_ಬೆಂಗಳೂರು:
ತುಂಬಾ ಖುಷಿ ಆಯ್ತು ಸರ್. ಮಿಕ್ಕಿದ್ದಕ್ಕೆ ಕೀನ ಮೊಬೈಲ್ ಇರೋ ಜೇಬಲ್ಲಿ ಇಡ್ಬೇಡಿ, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಚಾರ್ಜರ್ ಪಕ್ಕಾನೂ ಬೇಡ. ಆ 125 ಕಿಲೋಹರ್ಟ್ಸ್ ಸಿಗ್ನಲ್ ತುಂಬಾ ಕ್ಷೀಣ, ಪಕ್ಕದಲ್ಲಿ ಇಂಥದ್ದೇನಾದ್ರೂ ಇದ್ರೆ ಕೀಗೆ ಕೇಳ್ಸಲ್ಲ. ಬೇರೆ ಜೇಬಿಗೆ ಹಾಕಿ ನೋಡಿ, ಸರಿ ಹೋದ್ರೆ ಅಲ್ಲಿಗೆ ಮುಗೀತು. ಹೋಗ್ಲಿಲ್ಲ ಅಂದ್ರೆ ಬೇರೆ ಜಾಗದಲ್ಲಿ ನಿಲ್ಸಿ ಪರೀಕ್ಷೆ ಮಾಡಿ, ಅಲ್ಲಿ ಮೊದಲ್ನೇ ಸಲಕ್ಕೇ ತೆಗೆದ್ರೆ ಕೀಯಲ್ಲಿ ದೋಷ ಇಲ್ಲ.

ಇನ್ನೊಂದು, ಇದನ್ನ ಓದೋ ಎಲ್ರಿಗೂ. ತೆಗೆದ ಹಳೇ ಸೆಲ್ ಟೇಬಲ್ ಮೇಲೆ ಬಿಡ್ಬೇಡಿ. ರಿಮೋಟ್‌ಗೆ ಸಾಲದ ಸೆಲ್‌ನಲ್ಲೂ ಮಗುವಿನ ಅನ್ನನಾಳ ಸುಡೋಷ್ಟು ಕರೆಂಟ್ ಉಳಿದಿರುತ್ತೆ, ಎರಡು ಗಂಟೆ ಒಳಗೇ ದೊಡ್ಡ ಗಾಯ ಆಗ್ಬಹುದು. ನುಂಗಿರ್ಬಹುದು ಅನ್ನೋ ಅನುಮಾನ ಬಂದ್ರೂ ವಾಂತಿ ಮಾಡ್ಸೋಕೆ ಹೋಗದೆ ನೇರ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. ಹಳೇ ಸೆಲ್‌ನ ಎರಡೂ ಕಡೆ ಟೇಪ್ ಸುತ್ತಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟು, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ಲೇಪನ ಒರೆಸಿದ ಸೆಲ್ ಕೀ ಒಳಗೆ ಮಾತ್ರ ಇರ್ಲಿ, ಸ್ಪೇರ್ ಸೆಲ್‌ಗಳ ಲೇಪನ ಮುಂಚೆನೇ ಒರೆಸಿಡ್ಬೇಡಿ.

ಕುಡ್ಲ_ಗಾಡಿ:
ಚಿಪ್ ಸಿಕ್ಕಿತು. ಹಳೇ ಕೇಸಿನ ಮೂಲೆಯಲ್ಲೇ ಕಪ್ಪು ತುಂಡು, ಗಮ್ ಹಾಕಿ ಅಂಟಿಸಿದ್ರು, ಬ್ಲೇಡಿನಲ್ಲಿ ಸುತ್ತ ಬಿಡಿಸಿ ತೆಗೆದು ಹೊಸ ಕೇಸಿಗೆ ಕೂರಿಸಿದೆ, ಗಾಡಿ ಸ್ಟಾರ್ಟ್ ಆಯ್ತು. ಕೇಸ್ ಮಾತ್ರ ಬದಲಿಸುವವರು ಯಾರಾದ್ರೂ ಇದ್ರೆ ಮೊದಲು ಈ ತುಂಡು ಎಲ್ಲಿ ಉಂಟು ಅಂತ ನೋಡಿಯೇ ಹಳೆಯದನ್ನು ಬಿಸಾಡಿ.